ಕಾಗುಣಿತಕ್ಕೂ ಪೇಟೆಂಟ್ ಬೇಕಂತೆ!





ಹೋದ ತಿಂಗಳ ಒಂದು ಶುಕ್ರವಾರ. ಅಬ್ಬಾಸಿಯಾದ ಗೆಳೆಯರೊಬ್ಬರ ಮನೆಯಲ್ಲಿ ಮಕ್ಕಳ ಕನ್ನಡ ತರಗತಿ ಆಗಷ್ಟೇ ಮುಗಿದಿತ್ತು. ಮಕ್ಕಳು ಪುಸ್ತಕ ಬಿಟ್ಟು ಮೊಬೈಲ್ ಹಿಡಿದಿದ್ದರು, ನಾವು ಬಿಸಿಬೇಳೆಬಾತಿನ ತಟ್ಟೆ ಹಿಡಿದಿದ್ದೆವು. ಆಗ ನಮ್ಮ ಬಳಗದ ಹಿರಿಯರೊಬ್ಬರು ಎದ್ದು ನಿಂತು ಒಂದು ಸಂತೋಷದ ಸುದ್ದಿ ಹೇಳಿದರು. ಉಡುಪಿ ಕಡೆಯವರು, ನನಗಿಂತ ಹತ್ತು ವರ್ಷ ಹೆಚ್ಚು ಅನುಭವ ಇರುವ ಎಂಜಿನಿಯರ್. ಮೊಬೈಲಿನ ಮೇಲೆ ಬೆರಳು ಜಾರಿಸಿ ಗುಣಿತಾಕ್ಷರ ಬರೆಯುವ ಒಂದು ಆಪ್ ಅನ್ನು ಎರಡು ವರ್ಷ ನಿದ್ದೆಗೆಟ್ಟು ಮಾಡಿದ್ದಾರೆ. ಅದಕ್ಕೆ ಪೇಟೆಂಟ್ ಅರ್ಜಿ ಹಾಕಲು ವಕೀಲರನ್ನೂ ಗೊತ್ತು ಮಾಡಿದ್ದಾರೆ.

"ಇನ್ನು ಗುಣಿತಾಕ್ಷರ ಹೀಗೆ ಬರೆಸುವ ಹಕ್ಕು ಒಬ್ಬ ಕನ್ನಡಿಗನದ್ದೇ ಮಾರಾಯ್ರೆ! ಬೇರೆ ಯಾವ ಕಂಪನಿಯೂ ಮುಟ್ಟುವ ಹಾಗಿಲ್ಲ" ಎಂದರು.

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ರಾತ್ರಿ ಮನೆಗೆ ಬಂದು ಮಲಗಿದ ಮೇಲೆ ಆ ಚಪ್ಪಾಳೆಯೇ ನನ್ನನ್ನು ಚುಚ್ಚತೊಡಗಿತು. 'ಬೇರೆ ಯಾರೂ ಮುಟ್ಟುವ ಹಾಗಿಲ್ಲ' ಎಂಬುದರಲ್ಲಿ ಆ 'ಬೇರೆ ಯಾರು' ಎಂದರೆ ಯಾರು? ನಾಳೆ ಧಾರವಾಡದಲ್ಲೋ ಕಾಸರಗೋಡಿನಲ್ಲೋ ಒಬ್ಬ ಹುಡುಗಿ ಇಂಥದ್ದೇ ಆಪ್ ಮಾಡಿದರೆ ಅವಳೂ 'ಬೇರೆ ಯಾರೋ' ಆಗುತ್ತಾಳಲ್ಲವೇ?

ಈ ಪತ್ರ ಅವರ ಮೇಲಿನ ಜಗಳವಲ್ಲ. ಅವರ ಕನ್ನಡಾಭಿಮಾನದ ಮೇಲೆ ನನಗೆ ಸಂಶಯವಿಲ್ಲ. ನಮ್ಮ ಅಭಿಮಾನ ಯಾವ ದಾರಿ ಹಿಡಿಯುತ್ತಿದೆ ಎಂಬ ಬಗ್ಗೆ ಮಾತ್ರ ನನ್ನ ತಕರಾರು.

ಮೊದಲು ಒಂದು ಗೊಂದಲ ಬಗೆಹರಿಯಲಿ

ಕಾಪಿರೈಟ್ ಮತ್ತು ಪೇಟೆಂಟ್ ಎರಡೂ ಒಂದೇ ಎಂದು ನಮ್ಮಲ್ಲಿ ಬಹಳ ಮಂದಿ ತಿಳಿದಿದ್ದಾರೆ. ಎರಡಕ್ಕೂ ಅಜಗಜಾಂತರ.

ನೀವು ಒಂದು ಪ್ರೋಗ್ರಾಂ ಬರೆದ ಕ್ಷಣದಿಂದಲೇ ಅದರ ಕಾಪಿರೈಟ್ ನಿಮ್ಮದು. ಭಾರತದ 1957ರ ಕಾಪಿರೈಟ್ ಕಾಯ್ದೆಯಲ್ಲಿ ಈಗ 'ಸಾಹಿತ್ಯ ಕೃತಿ' ಎಂಬ ಮಾತಿನೊಳಗೆ ಕಂಪ್ಯೂಟರ್ ಪ್ರೋಗ್ರಾಂ ಕೂಡ ಸೇರಿದೆ. ಕಾನೂನಿನ ಕಣ್ಣಿಗೆ ನಾವು ಕೋಡ್ ಬರೆಯುವವರೂ ಸಾಹಿತಿಗಳೇ! ನಿಮ್ಮ ಕೋಡನ್ನು ಯಾರಾದರೂ ಅನಾಮತ್ತಾಗಿ ಎತ್ತಿಕೊಂಡು ತಮ್ಮದೆಂದು ಮಾರಿದರೆ ಅದು ಅಪರಾಧ. ಆದರೆ ಅದೇ ಕೆಲಸವನ್ನು ಇನ್ನೊಬ್ಬ ತನ್ನ ತಲೆ ಓಡಿಸಿ, ತನ್ನದೇ ಕೋಡ್ ಬರೆದು ಮಾಡಿದರೆ ಕಾಪಿರೈಟ್ ಅವನನ್ನು ತಡೆಯುವುದಿಲ್ಲ. ಒಬ್ಬರು ರಾಮಾಯಣ ಬರೆದರೆಂದು ಇನ್ನೊಬ್ಬರು ಬರೆಯಬಾರದು ಎಂದಿಲ್ಲವಲ್ಲ, ಹಾಗೆ.

ಪೇಟೆಂಟ್ ಹಾಗಲ್ಲ. ಅದು ವಿಧಾನಕ್ಕೇ ಬೇಲಿ ಹಾಕುತ್ತದೆ. ನೀವು ಯಾರದ್ದನ್ನೂ ನೋಡಿಲ್ಲ, ಯಾರಿಂದಲೂ ಕದ್ದಿಲ್ಲ, ಸ್ವಂತ ಬುದ್ಧಿಯಿಂದಲೇ ಮಾಡಿದ್ದೀರಿ ಎಂದಿಟ್ಟುಕೊಳ್ಳಿ. ಆದರೂ ಅದೇ ವಿಧಾನಕ್ಕೆ ಬೇರೆಯವರ ಹೆಸರಲ್ಲಿ ಪೇಟೆಂಟ್ ಇದ್ದರೆ 20 ವರ್ಷಗಳ ತನಕ ಅವರ ಅಪ್ಪಣೆಯಿಲ್ಲದೆ ನೀವು ಅದನ್ನು ಬಳಸುವಂತಿಲ್ಲ. 'ನನಗೆ ಗೊತ್ತಿರಲಿಲ್ಲ' ಎಂದರೂ ತಪ್ಪು ತಪ್ಪೇ.

ಯಂತ್ರಕ್ಕೆ, ಔಷಧಿಗೆ ಇದು ಸರಿಯೋ ತಪ್ಪೋ, ಆ ಚರ್ಚೆ ಬೇರೆ. ಒಂದು ತಂತ್ರಾಂಶದೊಳಗೆ ನೂರಾರು, ಸಾವಿರಾರು ಸಣ್ಣ ಸಣ್ಣ ವಿಧಾನಗಳಿರುತ್ತವೆ. ಒಂದೊಂದಕ್ಕೂ ಒಬ್ಬೊಬ್ಬ ಒಡೆಯ ಇದ್ದರೆ ನನ್ನಂಥ ಎಂಜಿನಿಯರ್ ಕೋಡ್ ಬರೆಯುವುದಕ್ಕಿಂತ ಮೊದಲು ವಕೀಲರ ಮನೆ ಬಾಗಿಲು ಕಾಯಬೇಕಾಗುತ್ತದೆ.

ಕೆ.ಪಿ. ರಾವ್ ಬೀಗ ಹಾಕಿದ್ದರೆ?

ಈಗ ನಮ್ಮ ಮನೆಯ ಕಥೆಗೇ ಬನ್ನಿ. ಇಂದು ನಾವು ಕೀಲಿಮಣೆಯ ಮೇಲೆ ಕನ್ನಡ ಟೈಪ್ ಮಾಡುವ ಕ್ರಮದ ಹಿಂದೆ ಇರುವ ಹೆಸರು ಕಿನ್ನಿಕಂಬಳ ಪದ್ಮನಾಭ ರಾವ್, ನಾವೆಲ್ಲ ಬಲ್ಲ ಕೆ.ಪಿ. ರಾವ್. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲೂ ಆಮೇಲೆ ಮಣಿಪಾಲದಲ್ಲೂ ಕೆಲಸ ಮಾಡಿದವರು. 'ಸೇಡಿಯಾಪು' ಎಂಬ ಕನ್ನಡ ತಂತ್ರಾಂಶ ಕೊಟ್ಟವರು.

ಅವರ ವಿನ್ಯಾಸದ ಸೊಗಸು ನೋಡಿ. ಕನ್ನಡಕ್ಕೆ ಸುಮಾರು ಐವತ್ತು ಅಕ್ಷರ, ಅದರ ಮೇಲೆ ಗುಣಿತ, ಒತ್ತು. ಇಂಗ್ಲಿಷ್ ಕೀಲಿಮಣೆಯಲ್ಲಿ ಇರುವುದು 26 ಅಕ್ಷರದ ಕೀಲಿ. ಟೈಪ್‌ರೈಟರ್ ಕಾಲದಲ್ಲಿ ಅಕ್ಷರವನ್ನು ತುಂಡು ತುಂಡು ಮಾಡಿ ಜೋಡಿಸುತ್ತಿದ್ದರು. ರಾಯರು ನಮ್ಮ ಅಕ್ಷರಮಾಲೆಯ ತರ್ಕವನ್ನೇ ಹಿಡಿದರು. ಕೆ ಕೀಲಿ ಒತ್ತಿದರೆ ಕ, ಶಿಫ್ಟ್ ಜೊತೆಗೆ ಒತ್ತಿದರೆ ಅದರ ಮಹಾಪ್ರಾಣ ಖ. ವ್ಯಂಜನದ ಬೆನ್ನಿಗೆ ಸ್ವರ ಒತ್ತಿದರೆ ಗುಣಿತ. ನಡುವೆ ಎಫ್ ಒತ್ತಿದರೆ ಒತ್ತಕ್ಷರ. ಒಂದನೇ ಕ್ಲಾಸಿನಲ್ಲಿ ಮೇಷ್ಟ್ರು ಹೇಳಿಕೊಟ್ಟ ಕಾಗುಣಿತ ಬಂದರೆ ಸಾಕು, ಟೈಪಿಂಗ್ ಬಂದ ಹಾಗೆಯೇ.

ಈ ಕ್ರಮವನ್ನು ರಾಯರು ಕನ್ನಡಿಗರ ಕೈಗೆ ಬಿಟ್ಟುಕೊಟ್ಟರು. ಕರ್ನಾಟಕ ಸರ್ಕಾರ ಅದನ್ನೇ ಆಧರಿಸಿದ ವಿನ್ಯಾಸವನ್ನು ಅಧಿಕೃತವೆಂದು ಒಪ್ಪಿತು. 'ನುಡಿ'ಯಲ್ಲಿ ಬಂತು, 'ಬರಹ'ದಲ್ಲಿ ಬಂತು, ಲಿನಕ್ಸಿನಲ್ಲಿ ಬಂತು, ಮೊಬೈಲಿಗೂ ಬಂತು. ಯಾರೂ ಯಾರ ಅಪ್ಪಣೆಯನ್ನೂ ಕೇಳಲಿಲ್ಲ.

ಈಗ ತಿರುಗಿಸಿ ಯೋಚಿಸಿ. 'ವ್ಯಂಜನದ ಕೀಲಿಯ ನಂತರ ಸ್ವರದ ಕೀಲಿ ಒತ್ತಿದಾಗ ಗುಣಿತಾಕ್ಷರ ಮೂಡಿಸುವ ವಿಧಾನ' ಎಂದು ಯಾವುದೋ ಕಂಪನಿ ಪೇಟೆಂಟ್ ಪಡೆದು ಕುಳಿತಿದ್ದರೆ? ಕನ್ನಡ ಗಣಕಕ್ಕೆ ಕಾಲಿಟ್ಟ ಆ ನಿರ್ಣಾಯಕ ವರ್ಷಗಳಲ್ಲಿ ಪ್ರತಿಯೊಬ್ಬ ಕನ್ನಡ ತಂತ್ರಾಂಶಗಾರನೂ ಆ ಕಂಪನಿಗೆ ಕಪ್ಪ ಕಟ್ಟಬೇಕಿತ್ತು. ಕಟ್ಟಲಾಗದವನು ಗುಣಿತ ಮೂಡಿಸಲು ಸೊಟ್ಟ ದಾರಿ ಹುಡುಕಬೇಕಿತ್ತು. ಹತ್ತು ತಂತ್ರಾಂಶಕ್ಕೆ ಹತ್ತು ಕೀಲಿಮಣೆ! ಬೆರಳಿಗೆ ಅಭ್ಯಾಸವಾಗುವ ಮೊದಲೇ ಕನ್ನಡಿಗ ಸೋತು ಇಂಗ್ಲಿಷಿಗೆ ಹೋಗುತ್ತಿದ್ದ.

ಪಕ್ಕದ ಮನೆಯಲ್ಲಿ ಇದೇ ಆಗಿದೆ

ಇದು ಬರೀ ಊಹೆ ಎನ್ನುವವರು ನಮ್ಮ ಆಫೀಸಿನ ಬಾಂಗ್ಲಾದೇಶಿ ಸಹೋದ್ಯೋಗಿಯ ಬಳಿ ಐದು ನಿಮಿಷ ಕೂರಬೇಕು.

ಬಂಗಾಳಿಯಲ್ಲಿ 'ಬಿಜೊಯ್' ಎಂಬ ಹಳೆಯ, ಹೆಸರುವಾಸಿ ತಂತ್ರಾಂಶವಿದೆ. 1988ರಲ್ಲಿ ಮುಸ್ತಫಾ ಜಬ್ಬಾರ್ ಹೊರತಂದದ್ದು. ಬಂಗಾಳಿ ಅಚ್ಚಿನ ಲೋಕಕ್ಕೆ ಅದು ಮಾಡಿದ ಉಪಕಾರ ದೊಡ್ಡದು, ಅದನ್ನು ಮರೆಯಬಾರದು. 2003ರಲ್ಲಿ ಮೆಹದಿ ಹಸನ್ ಖಾನ್ ಎಂಬ ವೈದ್ಯಕೀಯ ವಿದ್ಯಾರ್ಥಿ 'ಅವ್ರೊ' ಎಂಬ ತಂತ್ರಾಂಶ ಬರೆದು ಉಚಿತವಾಗಿ ಹಂಚಿದ. ಯುನಿಕೋಡಿನಲ್ಲಿ ಬಂಗಾಳಿ ಬರೆಯುವುದು ಜನಸಾಮಾನ್ಯರಿಗೆ ದಕ್ಕಿತು. ಚುನಾವಣಾ ಆಯೋಗವೂ ಅದನ್ನು ಬಳಸಿತು. ಅವ್ರೊದೊಳಗೆ ಬಿಜೊಯ್‌ಗೆ ಹತ್ತಿರವಿದ್ದ ಒಂದು ಕೀಲಿಮಣೆ ವಿನ್ಯಾಸವೂ ಇತ್ತು, ಹಳೆಯ ಅಭ್ಯಾಸದವರಿಗಾಗಿ.

2010ರಲ್ಲಿ ಜಗಳ ಬೀದಿಗೆ ಬಂತು. ಬಿಜೊಯ್ ವಿನ್ಯಾಸದ ಹಕ್ಕು ತಮ್ಮದೆಂದು ಜಬ್ಬಾರ್ ಕಾಪಿರೈಟ್ ಕಚೇರಿಗೆ ದೂರು ಕೊಟ್ಟರು. ಪತ್ರಿಕೆಗಳಲ್ಲಿ, ಅಂತರಜಾಲದಲ್ಲಿ ಕೋಲಾಹಲ. ಕೊನೆಗೆ ಜೂನ್ ತಿಂಗಳಲ್ಲಿ ರಾಜಿಯಾಯಿತು. ಅವ್ರೊ ಆ ವಿನ್ಯಾಸವನ್ನು ಕಿತ್ತುಹಾಕಬೇಕಾಯಿತು.

ಒಂದೇ ಭಾಷೆಯನ್ನು ಪ್ರೀತಿಸಿದ ಇಬ್ಬರು, ಭಾಷೆಗಾಗಿ ಪ್ರಾಣ ಕೊಟ್ಟವರ ನಾಡು. ಅಲ್ಲೇ 'ಕೀಲಿಗಳ ಕ್ರಮ ನನ್ನದು' ಎಂಬ ಜಗಳ! ಇದರಲ್ಲಿ ಗೆದ್ದವರು ಯಾರು? 2025ರಲ್ಲಿ ಬಾಂಗ್ಲಾದೇಶ ಸರ್ಕಾರ ಅವ್ರೊ ಬಳಗಕ್ಕೆ ಏಕುಶೆ ಪದಕ ಕೊಟ್ಟು ಗೌರವಿಸಿತು, ಅದು ನಿಜ. ಆದರೆ ಬೆರಳಿಗೆ ಒಗ್ಗಿದ ಕೀಲಿಮಣೆ ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಮಾಯವಾದ ಸಾಮಾನ್ಯ ಬಂಗಾಳಿಗನಿಗೆ ಯಾವ ಪದಕವೂ ಸಿಗಲಿಲ್ಲ.

ನಮ್ಮ ಸಹೋದ್ಯೋಗಿ ಇದನ್ನೆಲ್ಲ ಹೇಳಿ ಕೇಳಿದ: "ನಿಮ್ಮ ಭಾಷೆಯಲ್ಲಿ ಹೀಗಾಗಲಿಲ್ಲವೇ?" ಇಲ್ಲ ಎಂದೆ. ನಮ್ಮ ಪುಣ್ಯ, ನಮಗೆ ಕೆ.ಪಿ. ರಾವ್ ಇದ್ದರು.

ಬರೆದಿಟ್ಟ ಕೋಡಿಗೂ ಬೀಗ

ಇನ್ನೊಂದು ಕಥೆ, ಇದು ನೇರವಾಗಿ ಅಕ್ಷರದ ಅಂದಕ್ಕೆ ಸಂಬಂಧಿಸಿದ್ದು. ಸಣ್ಣ ಗಾತ್ರದ ಅಕ್ಷರ ಪರದೆಯ ಮೇಲೆ ಸ್ಪಷ್ಟವಾಗಿ ಮೂಡಲಿ ಎಂದು ಟ್ರೂಟೈಪ್ ಫಾಂಟುಗಳೊಳಗೆ ಸೂಚನೆಗಳನ್ನು ಬರೆದಿಡುತ್ತಾರೆ. ಅವನ್ನು ಓದಿ ನಡೆಸುವ ವಿಧಾನದ ಮೇಲೆ ಆಪಲ್ ಕಂಪನಿಯ ಪೇಟೆಂಟುಗಳಿದ್ದವು. ಲಿನಕ್ಸ್ ಲೋಕಕ್ಕೆ ಅಕ್ಷರ ಮೂಡಿಸಿಕೊಡುವ ಫ್ರೀಟೈಪ್ ಎಂಬ ಮುಕ್ತ ತಂತ್ರಾಂಶದವರು ಆ ಕೆಲಸದ ಕೋಡನ್ನು ತಾವೇ ಬರೆದಿಟ್ಟಿದ್ದರು. ಆದರೂ ಪೇಟೆಂಟಿನ ಭಯದಿಂದ ಅದನ್ನು ವರ್ಷಗಟ್ಟಲೆ ಮುಚ್ಚಿಟ್ಟು ಬಿಡುಗಡೆ ಮಾಡಬೇಕಾಯಿತು. 2010ರಲ್ಲಿ ಪೇಟೆಂಟಿನ ಅವಧಿ ತೀರಿತು. ಅದೇ ವರ್ಷ ಬೀಗ ತೆಗೆದರು. ಕೋಡ್ ಇತ್ತು, ಕಂಪ್ಯೂಟರ್ ಇತ್ತು, ಓದುವ ಕಣ್ಣುಗಳಿದ್ದವು. ಕಾಗದದ ಮೇಲಿನ ಒಂದು ಹಕ್ಕು ಅಡ್ಡ ಬಂದಿತ್ತು!

ದೊಡ್ಡ ಕಂಪನಿಗಳು ಈ ಆಟವನ್ನು ದುಡ್ಡಿನಿಂದ ಆಡುತ್ತವೆ. ಜಾವಾ ವಿಷಯದಲ್ಲಿ ಒರೇಕಲ್ 2010ರಲ್ಲಿ ಗೂಗಲ್ ಮೇಲೆ ಹೂಡಿದ ಮೊಕದ್ದಮೆ ಪೇಟೆಂಟು, ಕಾಪಿರೈಟು ಎಂದು ಎರಡೂ ಹಾದಿ ತುಳಿದು 2021ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಗೂಗಲ್ ಪರವಾಗಿ ಮುಗಿಯಿತು. ಹನ್ನೊಂದು ವರ್ಷ! ಗೂಗಲ್ ತಡೆದುಕೊಂಡಿತು. ಕನ್ನಡ ಫಾಂಟ್ ಮಾಡುವ ಇಬ್ಬರು ಹುಡುಗರು ತಡೆದುಕೊಳ್ಳುತ್ತಾರೆಯೇ?

2019ರಲ್ಲಿ ರಾತ್‌ಶೀಲ್ಡ್ ಪೇಟೆಂಟ್ ಇಮೇಜಿಂಗ್ ಎಂಬ ಕಂಪನಿ, ಗ್ನೋಮ್ ಎಂಬ ಲಾಭದ ಉದ್ದೇಶವಿಲ್ಲದ ಮುಕ್ತ ತಂತ್ರಾಂಶ ಪ್ರತಿಷ್ಠಾನದ ಮೇಲೆ ದಾವೆ ಹೂಡಿತು. ಫೋಟೋ ಜೋಡಿಸಿಡುವ ಶಾಟ್‌ವೆಲ್ ಎಂಬ ಸಣ್ಣ ತಂತ್ರಾಂಶ ತನ್ನ ಪೇಟೆಂಟ್ ಮುರಿದಿದೆ ಎಂಬುದು ಅದರ ವಾದ. ಗ್ನೋಮ್ ಬಗ್ಗಲಿಲ್ಲ. ಜಗತ್ತಿನ ಮೂಲೆ ಮೂಲೆಯಿಂದ ಸಾವಿರಾರು ಜನ ಹಣ ಕಳಿಸಿದರು. 2020ರ ಮೇ ತಿಂಗಳಲ್ಲಿ ಆ ಕಂಪನಿ ದಾವೆ ಕೈಬಿಟ್ಟಿತು, ಮುಕ್ತ ತಂತ್ರಾಂಶದ ಮೇಲೆ ತನ್ನ ಪೇಟೆಂಟ್ ಹೇರುವುದಿಲ್ಲ ಎಂದೂ ಒಪ್ಪಿಕೊಂಡಿತು. ಇದು ಗೆದ್ದ ಕಥೆ. ಆದರೆ ಹೆದರಿ ಬಾಗಿಲು ಹಾಕಿಕೊಂಡವರ ಕಥೆ ಯಾರಿಗೂ ಗೊತ್ತಾಗುವುದೇ ಇಲ್ಲ.

ದೆಹಲಿಯಲ್ಲಿ ನಮ್ಮನ್ನು ಕಾಯುತ್ತಿರುವ ಒಂದು ಸಾಲು

ಭಾರತದ ಪೇಟೆಂಟ್ ಕಾಯ್ದೆಯ 3ನೇ ಸೆಕ್ಷನ್ನಿನ 'ಕೆ' ಉಪವಿಭಾಗ ಓದಿ. ಗಣಿತ ವಿಧಾನ, ವ್ಯವಹಾರ ವಿಧಾನ, ಅಲ್ಗಾರಿದಂ ಮತ್ತು 'ಕಂಪ್ಯೂಟರ್ ಪ್ರೋಗ್ರಾಂ ಅಷ್ಟೇ ಆಗಿರುವುದು', ಇವು ಆವಿಷ್ಕಾರಗಳಲ್ಲ ಎನ್ನುತ್ತದೆ. 2002ರ ತಿದ್ದುಪಡಿಯಲ್ಲಿ ಬಂದು 2003ರ ಮೇ ತಿಂಗಳಿಂದ ಜಾರಿಯಲ್ಲಿದೆ. ಕನ್ನಡಕ್ಕೂ ಕಪ್ಪಕ್ಕೂ ನಡುವೆ ನಿಂತಿರುವ ಗೋಡೆ ಇದೊಂದೇ.

ಈ ಗೋಡೆಯನ್ನು ಕೊರೆಯುವ ಕೆಲಸ ಬೇಗನೆ ಶುರುವಾಯಿತು. 2004ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿತು. ಕೈಗಾರಿಕೆಗೆ ತಾಂತ್ರಿಕವಾಗಿ ಅನ್ವಯವಾಗುವ ಅಥವಾ ಹಾರ್ಡ್‌ವೇರ್ ಜೊತೆ ಸೇರಿದ ಪ್ರೋಗ್ರಾಂಗೆ ಪೇಟೆಂಟ್ ಕೊಡಬಹುದು ಎಂದು ಅದರಲ್ಲಿ ಸೇರಿಸಿತು. ಹಾರ್ಡ್‌ವೇರ್ ಇಲ್ಲದೆ ಓಡುವ ಪ್ರೋಗ್ರಾಂ ಯಾವುದಾದರೂ ಇದೆಯೇ ಸ್ವಾಮಿ? ಎಡಪಕ್ಷಗಳು, ಮುಕ್ತ ತಂತ್ರಾಂಶದ ಬಳಗಗಳು ವಿರೋಧಿಸಿದವು. 2005ರ ಮಾರ್ಚ್‌ನಲ್ಲಿ ಸಂಸತ್ತು ಅಂಗೀಕರಿಸಿದ ಮಸೂದೆಯಲ್ಲಿ ಆ ಸಾಲು ಇರಲಿಲ್ಲ. ಅದೇ ವರ್ಷ ಜುಲೈ 6ರಂದು ಯುರೋಪಿನ ಸಂಸತ್ತೂ ತನ್ನ ತಂತ್ರಾಂಶ ಪೇಟೆಂಟ್ ಪ್ರಸ್ತಾವವನ್ನು 14ಕ್ಕೆ ಎದುರಾಗಿ 648 ಮತಗಳಿಂದ ತಿಪ್ಪೆಗೆ ಎಸೆಯಿತು.

ಮುಂಬಾಗಿಲಲ್ಲಿ ಬರಲಾಗದ್ದು ಹಿತ್ತಲ ಬಾಗಿಲಿಗೆ ಬಂತು. 2015ರ ಆಗಸ್ಟ್‌ನಲ್ಲಿ ಪೇಟೆಂಟ್ ಕಚೇರಿ ಹೊಸ ಮಾರ್ಗಸೂಚಿ ತಂದಿತು. ವಿರೋಧ ಬಂದ ಮೇಲೆ ಡಿಸೆಂಬರಿನಲ್ಲಿ ತಡೆಹಿಡಿಯಿತು. 2016ರ ಫೆಬ್ರವರಿಯಲ್ಲಿ 'ಹಾರ್ಡ್‌ವೇರ್‌ನಲ್ಲೂ ಹೊಸತನ ಇರಬೇಕು' ಎಂಬ ಬಿಗಿ ನಿಯಮ ಬಂತು. 2017ರ ಜೂನ್‌ನಲ್ಲಿ ಆ ನಿಯಮವೇ ಮಾಯ! 2019ರ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟ್, ಫರೀದ್ ಅಲ್ಲಾನಿ ಪ್ರಕರಣದಲ್ಲಿ, 'ಅಷ್ಟೇ ಆಗಿರುವುದು' ಎಂಬ ಮಾತಿಗೆ ಒತ್ತು ಕೊಟ್ಟಿತು. ಪ್ರೋಗ್ರಾಂ ಆಧರಿಸಿದ ಎಲ್ಲ ಆವಿಷ್ಕಾರವನ್ನೂ ತಳ್ಳಿಹಾಕುವಂತಿಲ್ಲ, ತಾಂತ್ರಿಕ ಪರಿಣಾಮ ಇದೆಯೇ ನೋಡಬೇಕು ಎಂದಿತು. ಹೀಗೆ ಒಂದು ಪದದ ಅರ್ಥ ಹಿಗ್ಗುತ್ತ ಹೋದಷ್ಟೂ ಗೋಡೆ ಕುಗ್ಗುತ್ತ ಹೋಗುತ್ತಿದೆ.

ಕಾವೇರಿ ಎಂದರೆ ಬೀದಿಗಿಳಿಯುತ್ತೇವೆ, ಬೆಳಗಾವಿ ಎಂದರೆ ಬಸ್ಸು ನಿಲ್ಲಿಸುತ್ತೇವೆ. ಆದರೆ ಪೇಟೆಂಟ್ ಕಚೇರಿ ಕರಡು ಪ್ರಕಟಿಸಿ 'ಅಭಿಪ್ರಾಯ ಕಳಿಸಿ' ಎಂದಾಗ ಯಾವ ಕನ್ನಡ ಸಂಘ ಒಂದು ಪುಟ ಬರೆದು ಕಳಿಸಿದೆ? ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆ ಏನು ಬಂತು?

'ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ'

ಆ ಹಿರಿಯರಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳಿದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡು ಈ ಗಾದೆ ಒಗೆದರು. "ನೀವು ಹೇಳುವುದು ಸರಿ ಇರಬಹುದು. ಆದರೆ ನಾನು ಎರಡು ವರ್ಷ ಕಣ್ಣು ಹಾಳು ಮಾಡಿಕೊಂಡದ್ದನ್ನು ನಾಳೆ ಒಂದು ದೊಡ್ಡ ಕಂಪನಿ ಎತ್ತಿಕೊಂಡು ಹೋದರೆ? ಕೊಟ್ಟೋನು ಕೋಡಂಗಿ ಆಗುವುದು ಬೇಡ ಮಾರಾಯ್ರೆ."

ಇದು ತಳ್ಳಿಹಾಕುವ ಮಾತಲ್ಲ. ದುಡಿದವನಿಗೆ ಕೂಲಿ ಸಿಗಬೇಕು, ಹೆಸರು ಸಿಗಬೇಕು. ಆದರೆ ಅದಕ್ಕೆ ಪೇಟೆಂಟ್ ಮದ್ದಲ್ಲ. ದೊಡ್ಡ ಕಂಪನಿಯ ಬಳಿ ನಿಮ್ಮ ಒಂದು ಪೇಟೆಂಟಿಗೆ ಎದುರಾಗಿ ಸಾವಿರ ಪೇಟೆಂಟಿರುತ್ತದೆ. ನೀವು ಒಂದು ನೋಟಿಸ್ ಕೊಟ್ಟರೆ ಅವರು ಹತ್ತು ಕೊಡುತ್ತಾರೆ. ನಿಮ್ಮ ಪೇಟೆಂಟಿಗೆ ನಿಜವಾಗಿ ಹೆದರುವವರು ನಿಮಗಿಂತ ಬಡವರು ಮಾತ್ರ, ಅಂದರೆ ಇನ್ನೊಬ್ಬ ಕನ್ನಡಿಗ.

ಹಾಗಾದರೆ ರಕ್ಷಣೆ ಎಲ್ಲಿದೆ? ಕಾಪಿರೈಟಿನಲ್ಲಿದೆ. ಅದನ್ನೇ ಆಧರಿಸಿದ ಜಿಪಿಎಲ್ ಎಂಬ ಪರವಾನಗಿಯಲ್ಲಿದೆ. ಕೋಡ್ ತೆಗೆದುಕೊಳ್ಳಿ, ಬದಲಿಸಿ, ಬೇಕಾದರೆ ಮಾರಿ. ಆದರೆ ಹಂಚುವಾಗ ಬದಲಿಸಿದ ಕೋಡನ್ನೂ ಇದೇ ಷರತ್ತಿನಲ್ಲಿ ಕೊಡಬೇಕು ಎನ್ನುತ್ತದೆ ಜಿಪಿಎಲ್. ನಿಮ್ಮ ಕೋಡನ್ನು ನುಂಗಿ ಬಾಗಿಲು ಹಾಕಿಕೊಳ್ಳಲು ಹೊರಟ ಈರಭದ್ರನನ್ನು ಹಿಡಿದು ನಿಲ್ಲಿಸುವ ಹಗ್ಗ ಅದು. ಮುಕ್ತ ಎಂದರೆ ಬಿಟ್ಟಿ ಅಲ್ಲ. ಮುಕ್ತ ತಂತ್ರಾಂಶವನ್ನೇ ನೆಚ್ಚಿ ಬೆಳೆದ ರೆಡ್ ಹ್ಯಾಟ್ ಕಂಪನಿಯನ್ನು 2019ರಲ್ಲಿ ಐಬಿಎಂ 3,400 ಕೋಟಿ ಡಾಲರ್ ಕೊಟ್ಟು ಕೊಂಡಿತು.

ಇನ್ನು 'ಉಚಿತ'ವಾದದ್ದೆಲ್ಲ 'ಮುಕ್ತ'ವೂ ಅಲ್ಲ. ಇದನ್ನು ನಾವು ಕನ್ನಡಿಗರು ನೋವಿನಿಂದ ಕಲಿತಿದ್ದೇವೆ. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ 'ಬರಹ'ವನ್ನು ಉಚಿತವಾಗಿ ಕೊಟ್ಟರು. ಕನ್ನಡ ಗಣಕ ಪರಿಷತ್ತು 'ನುಡಿ'ಯನ್ನು ಕೊಟ್ಟಿತು. ಹೊರನಾಡಿನ ಕನ್ನಡಿಗರು ಮನೆಗೆ ಕನ್ನಡದಲ್ಲಿ ಮಿಂಚಂಚೆ ಬರೆದದ್ದೇ ಇವುಗಳಿಂದ, ಆ ಋಣ ದೊಡ್ಡದು. ಆದರೆ 2000ದ ದಶಕದಲ್ಲಿ ನುಡಿಯು ಬರಹದ ನಕಲು ಎಂಬ ಆರೋಪ ಎದ್ದು, ಕನ್ನಡದ ಶಕ್ತಿಯೆಲ್ಲ ಆ ವಾದದಲ್ಲಿ ಸವೆಯಿತು. ಯಾರು ಸರಿ ಎಂದು ತೀರ್ಪು ಕೊಡಲು ನಾನು ಯಾರೂ ಅಲ್ಲ. ನನ್ನ ಪ್ರಶ್ನೆ ಬೇರೆ. ಎರಡರ ಸೋರ್ಸ್ ಕೋಡೂ ಅಂದು ಜನರ ಮುಂದೆ ತೆರೆದಿದ್ದರೆ? ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿದರೆ ಒಂದು ಮಧ್ಯಾಹ್ನದೊಳಗೆ ಸತ್ಯ ಹೊರಬೀಳುತ್ತಿತ್ತು. ಕೋಡ್ ಕತ್ತಲಲ್ಲಿದ್ದದ್ದರಿಂದ ಕನ್ನಡಿಗರು ಎರಡು ಪಂಗಡವಾಗಿ ನಂಬಿಕೆಯ ಮೇಲೆ ಬಡಿದಾಡಿದರು.

ಒಂದು ಸಿ.ಡಿ.ಯ ಕಥೆ

ನನ್ನ ಸ್ವಂತ ಅನುಭವ ಹೇಳಿ ಈ ವಾದ ಮುಗಿಸುತ್ತೇನೆ.

ನಮ್ಮ ಬಳಗದ ಹಳೆಯ ಸದಸ್ಯರೊಬ್ಬರು ಬಹಳ ವರ್ಷಗಳ ಹಿಂದೆ ಒಂದು ರಾಜ್ಯೋತ್ಸವ ಸ್ಮರಣ ಸಂಚಿಕೆಗೆ ದೀರ್ಘ ಬರಹ ಬರೆದಿದ್ದರು. 1990ರ ಆಗಸ್ಟ್ 2ರಂದು ಇರಾಕ್ ಸೇನೆ ಕುವೈತಿಗೆ ನುಗ್ಗಿದ ಬೆಳಗಿನಿಂದ, ಬಾಗ್ದಾದ್ ಮಾರ್ಗವಾಗಿ ಜೋರ್ಡಾನಿನ ಮರುಭೂಮಿಯ ಡೇರೆಗಳನ್ನು ದಾಟಿ, ಅಮ್ಮಾನಿನಿಂದ ಏರ್ ಇಂಡಿಯಾ ವಿಮಾನ ಹತ್ತಿ ಊರು ಸೇರುವವರೆಗಿನ ಕಥೆ. ಹಾಗೆ ತಾಯ್ನಾಡಿಗೆ ಮರಳಿದ ಭಾರತೀಯರು ಒಂದು ಲಕ್ಷಕ್ಕೂ ಹೆಚ್ಚು. ಕನ್ನಡದಲ್ಲಿ ಅದನ್ನು ಬರೆದಿಟ್ಟವರು ಎಷ್ಟು ಮಂದಿ? ಆ ಹಿರಿಯರು ಈಗಿಲ್ಲ. ಅವರ ಮಗಳು ಕಳೆದ ವರ್ಷ ಆ ಬರಹ ಕೇಳಿದರು. ಅಚ್ಚಾದ ಪ್ರತಿ ಎಲ್ಲೂ ಸಿಗಲಿಲ್ಲ, ಸಂಚಿಕೆಯ ಕಡತಗಳಿದ್ದ ಸಿ.ಡಿ. ಸಿಕ್ಕಿತು. ಕುಣಿದಾಡಿದೆವು.

ತೆರೆದು ನೋಡಿದರೆ ಇಂಗ್ಲಿಷ್ ಅಕ್ಷರ, ಚುಕ್ಕಿ, ಗೆರೆಗಳ ಕಲಸುಮೇಲೋಗರ. ಅದನ್ನು ಟೈಪ್ ಮಾಡಿದ್ದ ತಂತ್ರಾಂಶ, ಹೆಸರು ಬೇಡ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ತನ್ನದೇ ಕನ್ನಡ ತುಣುಕುಗಳನ್ನು ಕೂರಿಸುತ್ತಿತ್ತು. ಯಾವ ಜಾಗದಲ್ಲಿ ಯಾವ ತುಣುಕು ಎಂಬುದು ಅದರ ಗುಟ್ಟು. ಓಡಿಸಲು ಕಂಪ್ಯೂಟರಿನ ಹಿಂಬದಿಗೆ ಚುಚ್ಚುವ ಒಂದು ಲಾಕ್ ಬೇಕಿತ್ತು. ಲಾಕ್ ಕಳೆದುಹೋಗಿದೆ. ಕಂಪನಿ ಮುಚ್ಚಿಹೋಗಿದೆ.

ನಾವು ಮೂವರು ಎಂಜಿನಿಯರುಗಳು ಏಳು ರಾತ್ರಿ ಕೂತೆವು. ಹಳೆಯ ಕನ್ನಡ ಫಾಂಟುಗಳಿಂದ ಯುನಿಕೋಡಿಗೆ ಪರಿವರ್ತಿಸುವ ಸಾಧನಗಳನ್ನು ನಮ್ಮ ಕನ್ನಡದ ಹುಡುಗರು ಬರೆದು ಸೋರ್ಸ್ ಸಮೇತ ಅಂತರಜಾಲದಲ್ಲಿ ಇಟ್ಟಿದ್ದಾರೆ. ಅವರ ಕೋಡನ್ನೇ ತೆಗೆದುಕೊಂಡು, ಈ ಫಾಂಟಿನ ಪಟ್ಟಿಯನ್ನು ಊಹಿಸಿ ಸೇರಿಸುತ್ತ ಹೋದೆವು. ಮೂರನೇ ರಾತ್ರಿ 'ಅಮ್ಮಾನ್' ಎಂಬ ಪದ ಪರದೆಯ ಮೇಲೆ ಸರಿಯಾಗಿ ಮೂಡಿತು. ಆ ಕ್ಷಣ ಮರೆಯುವುದಿಲ್ಲ. ಬರಹದ ಬಹುಪಾಲು ಉಳಿಯಿತು. ಕೆಲವು ಪುಟಗಳಲ್ಲಿ ಒತ್ತಕ್ಷರಗಳು ಕೈಕೊಟ್ಟವು, ಅಲ್ಲಿ ಅವರು ಏನು ಬರೆದಿದ್ದರೋ ನಮಗಿನ್ನೂ ಗೊತ್ತಿಲ್ಲ. ಕೇಳಲು ಅವರೂ ಇಲ್ಲ.

ಗಮನಿಸಿ. ಹೊಂದಾಣಿಕೆಗೆ ಬೇಕಾದ ಮಾಹಿತಿ ಪಡೆಯಲು ತಂತ್ರಾಂಶವನ್ನು ಬಿಚ್ಚಿ ನೋಡುವುದಕ್ಕೆ ಭಾರತದ ಕಾಪಿರೈಟ್ ಕಾಯ್ದೆ ಒಂದು ಕಿಂಡಿ ಬಿಟ್ಟಿದೆ. ಆ ಅಕ್ಷರಜೋಡಣೆಯ ವಿಧಾನಕ್ಕೇ ಪೇಟೆಂಟ್ ಇದ್ದಿದ್ದರೆ ಅಂಥ ಕಿಂಡಿ ಇರುತ್ತಿರಲಿಲ್ಲ. ಒಬ್ಬ ಕನ್ನಡಿಗನ ನೆನಪನ್ನು ಅವನ ಮಗಳಿಗೆ ಓದಿಸಲೂ ಮುಚ್ಚಿಹೋದ ಕಂಪನಿಯ ವಾರಸುದಾರರನ್ನು ಹುಡುಕಬೇಕಿತ್ತು!

ನಾವಿರುವ ನೆಲದ ಪಾಠವನ್ನೂ ಕೇಳಿ. ಕಂಪ್ಯೂಟರಿಗೆ ಅರಬ್ಬಿ ಕಲಿಸಿದ 'ಸಖ್ರ್' ಹುಟ್ಟಿದ್ದು ಇದೇ ಕುವೈತಿನಲ್ಲಿ, 1982ರಲ್ಲಿ, ಮೊಹಮ್ಮದ್ ಅಲ್ ಶಾರಿಖ್ ಅವರಿಂದ. ಬಾಲ್ಯದಲ್ಲಿ ಸಖ್ರ್ ಕಂಪ್ಯೂಟರಿನ ಮುಂದೆ ಕೂತ ಕುವೈತಿಗಳು ಇಂದಿಗೂ ಅದನ್ನು ಪ್ರೀತಿಯಿಂದ ನೆನೆಯುತ್ತಾರೆ. 1990ರ ಆಕ್ರಮಣದ ನಂತರ ಅದರ ಕೆಲಸ ಕೈರೋಗೆ ಹೋಯಿತು. ಆಮೇಲೆ ದೊಡ್ಡ ಕಂಪನಿಗಳು ತಾವೇ ಅರಬ್ಬಿ ತಂದವು, ಸಖ್ರ್‌ನ ಮಾರುಕಟ್ಟೆ ಕರಗಿತು. 2024ರ ಮಾರ್ಚ್‌ನಲ್ಲಿ ತೀರಿಕೊಂಡ ಶಾರಿಖ್ ತಮ್ಮ ಕೊನೆಯ ವರ್ಷಗಳಲ್ಲಿ ಮಾಡಿದ್ದೇನು ಗೊತ್ತೇ? ಹಳೆಯ ಅರಬ್ಬಿ ಸಾಹಿತ್ಯ ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿಸಿ ಅಂತರಜಾಲದಲ್ಲಿ ಎಲ್ಲರಿಗೂ ಉಚಿತವಾಗಿ ತೆರೆದಿಟ್ಟರು. ಕಂಪನಿಗಳು ಏಳುತ್ತವೆ, ಬೀಳುತ್ತವೆ. ಭಾಷೆಗೆ ಉಳಿಯುವುದು ತೆರೆದಿಟ್ಟದ್ದು ಮಾತ್ರ.

ಹಾಗಾದರೆ ಏನು ಮಾಡೋಣ?

ಬರೀ ಬೈದರೆ ಸಾಲದು. ನನ್ನ ಸಲಹೆಗಳು ಇಷ್ಟು:

1. ಕರ್ನಾಟಕ ಸರ್ಕಾರದ ಒಂದು ರೂಪಾಯಿ ಬಿದ್ದ ಕನ್ನಡ ತಂತ್ರಾಂಶವೂ, ಫಾಂಟೂ, ನಿಘಂಟೂ ಸೋರ್ಸ್ ಸಮೇತ ಮುಕ್ತ ಪರವಾನಗಿಯಲ್ಲಿ ಬರಬೇಕು. ಜನರ ಹಣ, ಜನರ ಕೋಡ್. ಇದನ್ನು ಟೆಂಡರಿನಲ್ಲೇ ಬರೆಯಬೇಕು. ಪ್ರತಿ ಕನ್ನಡ ಸಂಘವೂ ತನ್ನ ಮನವಿಪತ್ರದಲ್ಲಿ ಈ ಸಾಲು ಸೇರಿಸಲಿ.

2. ನಮ್ಮ ವಿಶ್ವವಿದ್ಯಾಲಯಗಳು ಪೇಟೆಂಟ್ ಎಣಿಸುವ ಚಟದಲ್ಲಿ ಕನ್ನಡ ಓದುವ, ಬರೆಯುವ, ಉಚ್ಚರಿಸುವ ವಿಧಾನಗಳಿಗೆ ಪೇಟೆಂಟ್ ಅರ್ಜಿ ಹಾಕಬಾರದು.

3. ಹೊಸ ವಿಧಾನ ಹೊಳೆದರೆ ದಿನಾಂಕ ಸಮೇತ ಬಹಿರಂಗವಾಗಿ ಪ್ರಕಟಿಸಿ. ಮೊದಲೇ ಪ್ರಕಟವಾದದ್ದು ಹೊಸ ಆವಿಷ್ಕಾರ ಆಗಲಾರದು. ನಾಳೆ ಯಾರಾದರೂ ಅದಕ್ಕೆ ಪೇಟೆಂಟ್ ಕೇಳಿದರೆ ನಿಮ್ಮ ಒಂದು ಪುಟವೇ ಸಾಕ್ಷಿ.

4. ಭಾರತದಲ್ಲಿ ಪೇಟೆಂಟ್ ಕೊಡುವ ಮುನ್ನ ಯಾರು ಬೇಕಾದರೂ ಆಕ್ಷೇಪಣೆ ಸಲ್ಲಿಸಬಹುದು. ಕಾಯ್ದೆಯ 25ನೇ ಸೆಕ್ಷನ್ ಆ ಹಕ್ಕು ಕೊಟ್ಟಿದೆ. 2024ರ ನಿಯಮಗಳಲ್ಲಿ ಅದಕ್ಕೆ ಶುಲ್ಕ ಹೇರಿದ್ದಾರೆ, ಆದರೂ ಬಾಗಿಲು ತೆರೆದಿದೆ. ಭಾರತೀಯ ಭಾಷೆಗಳ ತಂತ್ರಾಂಶಕ್ಕೆ ಸಂಬಂಧಿಸಿದ ಅರ್ಜಿಗಳ ಮೇಲೆ ಕಣ್ಣಿಡಲು ಗಲ್ಫಿನ, ಅಮೆರಿಕದ, ಬೆಂಗಳೂರಿನ ಹತ್ತು ಎಂಜಿನಿಯರುಗಳು, ಇಬ್ಬರು ವಕೀಲರು ಸಾಕು.

5. ವಾರಕ್ಕೆ ಎರಡು ಗಂಟೆ ಕೊಡಿ. ಗುಬ್ಬಿ, ನವಿಲು ಎಂಬ ಮುಕ್ತ ಫಾಂಟುಗಳಿವೆ, ಬಳಸಿ, ತಪ್ಪು ಕಂಡರೆ ತಿಳಿಸಿ. ಹಳೆಯ ಪುಟಗಳಿಂದ ಅಕ್ಷರ ಗುರುತಿಸುವ ಟೆಸರಾಕ್ಟ್ ಇದೆ, ಅದಕ್ಕೆ ಕನ್ನಡ ಇನ್ನೂ ಚೆನ್ನಾಗಿ ಕಲಿಸಿ. ಕಣ್ಣು ಕಾಣದವರಿಗೆ ಪರದೆ ಓದಿ ಹೇಳುವ ಎನ್‌ವಿಡಿಎ, ಕನ್ನಡ ಉಚ್ಚರಿಸುವ ಇ-ಸ್ಪೀಕ್ ಎರಡೂ ಮುಕ್ತ ತಂತ್ರಾಂಶಗಳೇ. ಆ ದನಿ ಇನ್ನಷ್ಟು ಕನ್ನಡವಾಗಲಿ.

6. ನಿಮ್ಮ ಊರಿನ ಸಂಘದ ಹಳೆಯ ಸ್ಮರಣ ಸಂಚಿಕೆಗಳ ಕಡತಗಳನ್ನು ಈ ವರ್ಷವೇ ಯುನಿಕೋಡಿಗೆ ತನ್ನಿ. ಬರೆದವರು ಬದುಕಿರುವಾಗಲೇ ತನ್ನಿ.

ಊರಿನ ಕೆರೆಯ ಹಾಗೆ ಭಾಷೆಯ ತಂತ್ರಾಂಶ. ಯಾರೋ ಕಟ್ಟಿಸಿದರು, ಯಾರೋ ಹೂಳೆತ್ತಿದರು, ಎಲ್ಲರೂ ಕುಡಿದರು. ಕೆರೆಗೆ ಏರಿ ಬೇಕು, ತೂಬು ಬೇಕು, ಕಾವಲೂ ಬೇಕು. ಅದರ ಸುತ್ತ ಬೇಲಿ ಹಾಕಿ 'ಇದು ನನ್ನದು' ಎಂದವನು ಊರಿನವನೇ ಆದರೂ ಊರು ಒಪ್ಪಬಾರದು.

ಮೊನ್ನೆ ಆ ಹಿರಿಯರು ಮತ್ತೆ ಫೋನ್ ಮಾಡಿದ್ದರು. ಅರ್ಜಿ ಇನ್ನೂ ಹಾಕಿಲ್ಲವಂತೆ, ಯೋಚಿಸುತ್ತಿದ್ದಾರಂತೆ. "ಆ ಜಿಪಿಎಲ್ ಎಂಬುದನ್ನು ಸ್ವಲ್ಪ ಕನ್ನಡದಲ್ಲಿ ಬರೆದು ಕೊಡಿ ಮಾರಾಯ್ರೆ, ಓದಿ ನೋಡುತ್ತೇನೆ" ಎಂದರು. ಬರೆಯುತ್ತಿದ್ದೇನೆ. ಮುಂದಿನ ಶುಕ್ರವಾರ ಅವರು ಆ ಆಪ್‌ನ ಕೋಡನ್ನು ತೆರೆದಿಟ್ಟರೆ ಮತ್ತೆ ಚಪ್ಪಾಳೆ ತಟ್ಟುತ್ತೇನೆ, ಈ ಸಲ ರಾತ್ರಿ ನಿದ್ದೆ ಕೆಡುವುದಿಲ್ಲ.

ಒಪ್ಪದವರು ಬರೆಯಿರಿ, ವಾದ ಮಾಡೋಣ. ಒಪ್ಪಿದವರು ಮೇಲಿನ ಆರರಲ್ಲಿ ಒಂದನ್ನಾದರೂ ಇಂದೇ ಶುರು ಮಾಡಿ.

ಸಿರಿಗನ್ನಡಂ ಗೆಲ್ಗೆ!

ಇಂತಿ ನಿಮ್ಮವ,
ಕುವೈತಿನ ಒಬ್ಬ ಗಣಕ ಕೂಲಿ